ಯಮನೂರಪ್ಪನ ಮಡಿಗೆ ಹಾಯದ ನೀರು

ಯಮನೂರಪ್ಪ, ನಿನ್ನ ಭತ್ತವನ್ನು ಒಣಗಿಸಿದವನು ನಾನು. ಅದಕ್ಕೂ ಮೊದಲು ನಮ್ಮ ಗೈಡ್ ಸರ್ ಅವರ ಪ್ರಯೋಗದ ಹೊಲದಲ್ಲಿ ಬದು ಒಡೆದವನೂ ನಾನೇ. ಮೊದಲಿನದನ್ನು ಅವಸರದಲ್ಲಿ ಮಾಡಿದೆ. ಎರಡನೆಯದನ್ನು ವಿಚಾರ ಮಾಡಿಯೇ ಮಾಡಿದೆ.

ಇದನ್ನು ಬೇರೆಯವರೂ ಓದಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಕೊಪ್ಪಳ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಗಂಗಾವತಿಯ ಹತ್ತಿರದ ಕೃಷಿ ಕಾಲೇಜಿನಲ್ಲಿ ನಾವಿಬ್ಬರೂ ಎಂ.ಎಸ್ಸಿ. ಓದುತ್ತಿದ್ದೆವು. ನಾನು ಮರಳಿ ಎಂಬ ಊರಿನವನು, ಕಾಲುವೆಯ ನೀರಿನಲ್ಲಿ ಬೆಳೆದವನು. ನೀನು ಕುಕನೂರು ಕಡೆಯ, ಮಳೆಯನ್ನೇ ನಂಬಿದ ಎರೆಹೊಲದವನು. ಭತ್ತದ ಸಸಿಯನ್ನು ಕಾಲೇಜಿಗೆ ಬಂದ ಮೇಲೇ ಕೈಯಲ್ಲಿ ಹಿಡಿದದ್ದು. ಪ್ರಬಂಧಕ್ಕಾಗಿ ಕಾಲೇಜಿನ ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಡಿ ಕೊಟ್ಟಿದ್ದರು. ಆ ಮಡಿಯ ಬೆಳೆಯೇ ನಮ್ಮ ಪದವಿ. ನಿನ್ನ ಮಡಿ ನನ್ನದರ ಪಕ್ಕದ್ದೇ.

ಆ ಸಲ ಕಾಲುವೆಯಲ್ಲಿ ನೀರು ಕಡಿಮೆ, ಪಾಳಿಯ ಮೇಲೆ ಬಿಡುತ್ತಿದ್ದರು. ಸರ್ ಅವರ ಪಾಳಿಯ ದಿನ ನಸುಕಿನಲ್ಲಿ ನಾನು ಹೊಲಕ್ಕೆ ಹೋದೆ. ಶೆಡ್ಡಿನ ಗೋಡೆಗೆ ಒರಗಿಸಿದ್ದ ನಿನ್ನ ಸಲಿಕೆ ತೆಗೆದುಕೊಂಡೆ. ಒಂದಿಷ್ಟು ನೀರು ನನ್ನ ಕಡೆ ತಿರುಗಿಸಿಕೊಂಡು ಮತ್ತೆ ಮುಚ್ಚಿಬಿಡುವ ವಿಚಾರ. ನಮ್ಮೂರಲ್ಲಿ ಇದನ್ನು ಯಾರೂ ಕಳವು ಅನ್ನುವುದಿಲ್ಲ. ಆದರೆ ಬದು ಹಸಿಯಾಗಿತ್ತು, ಕುಸಿಯಿತು. ಸರ್ ಅವರು ಮಡಿಗೊಂದು ಅಳತೆಯಂತೆ ಗೊಬ್ಬರ ಹಾಕಿದ್ದರು. ಎಲ್ಲ ಮಡಿಗಳ ನೀರೂ ಬೆರೆತು ಹೋಯಿತು. ಅವರ ವರ್ಷಗಳ ಕೆಲಸ ಅದು. ನಾನು ಸಲಿಕೆಯನ್ನು ಅಲ್ಲೇ ಬಿಟ್ಟು ಓಡಿದೆ.

ಬೇಕಂತಲೇ ಬಿಟ್ಟೆನೇ — ಇಲ್ಲ. ಆದರೆ ಅದು ನಿನ್ನ ಸಲಿಕೆ ಎಂದು ಎಲ್ಲರೂ ಗುರುತಿಸಿದಾಗ ನನಗೆ ಉಸಿರು ಹಗುರಾಯಿತು. ಅದನ್ನೂ ಹೇಳಿಬಿಡಬೇಕು.

"ಸಲಿಕಿ ನಂದ ಐತ್ರಿ ಸರ್. ಬದು ಒಡದಾವ ನಾ ಅಲ್ರಿ" ಎಂದೆ ನೀನು. ವಿಚಾರಣೆ ಮುಗಿಯುವವರೆಗೆ ನೀನು ಹೊಲಕ್ಕೆ ಕಾಲಿಡಬಾರದು, ತರಗತಿಗೆ ಮಾತ್ರ ಬರಬಹುದು ಎಂದು ಆದೇಶವಾಯಿತು. ಪ್ರಿನ್ಸಿಪಾಲರು ನಿನ್ನನ್ನು ಕೂರಿಸಿಕೊಂಡು ಸಮಾಧಾನವನ್ನೂ ಹೇಳಿದರು — ಇದು ಶಿಕ್ಷೆಯಲ್ಲ, ತಾತ್ಕಾಲಿಕ ಕ್ರಮ, ತಪ್ಪಿಲ್ಲವೆಂದಾದರೆ ತೆಗೆದುಹಾಕುತ್ತೇವೆ ಎಂದು. ಅವರು ಒಳ್ಳೆಯವರೇ. ಆದರೆ ನಿನ್ನ ಭತ್ತ ಆಗ ತೆನೆ ಬಿಡುವ ಹೊತ್ತಿನಲ್ಲಿತ್ತು. ತಾತ್ಕಾಲಿಕ ಎಂಬ ಮಾತು ಭತ್ತಕ್ಕೆ ತಿಳಿಯುವುದಿಲ್ಲ.

ಹಾಸ್ಟೆಲಿಗೆ ಬಂದು ನನಗೆ ಹೇಳಿದೆ: "ನನ್ನ ಮಡಿ ನಿನ್ನ ಕೈಯಾಗ ಐತಿ ನೋಡು ವೀರೇಶ. ಪಾಳಿ ಬಂದಾಗ ಅದಕ್ಕೂ ಒಂದೀಟು ನೀರು ಹಾಯ್ಸಪಾ."

ಮೊದಲ ಪಾಳಿಗೆ ಹಾಯಿಸಿದೆ. ನನ್ನ ಮಡಿಗಿಂತ ಮೊದಲು ನಿನ್ನದಕ್ಕೆ. ಏನೋ ತೀರಿಸುತ್ತಿದ್ದೇನೆ ಅನ್ನಿಸಿತ್ತು.

ಅದಾದ ಮೇಲೆ ಸುದ್ದಿ ಬಂತು. ಬದು ಒಡೆದ ದಿನವೇ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ ಹೊಲದ ಕಾವಲುಗಾರ ಬಂದ ಕೂಡಲೇ ವಿಚಾರಣೆ ಶುರು ಮಾಡುತ್ತಾರೆ ಎಂದು. ಆ ನಸುಕಿನಲ್ಲಿ ಅವನು ನನ್ನನ್ನು ನೋಡಿದ್ದ. ಬೀಡಿ ಎತ್ತಿ ಮಾತಾಡಿಸಿಯೂ ಇದ್ದ. ನಾನು ಕೂತು ಲೆಕ್ಕ ಹಾಕಿದೆ. ಅವನು ಬರುವ ಮೊದಲೇ ನೀನು ಕಾಲೇಜು ಬಿಟ್ಟರೆ ವಿಚಾರಣೆಗೆ ಆಳೇ ಇರುವುದಿಲ್ಲ. ಬೆಳೆ ಇರುವವರೆಗೆ ನೀನು ಬಿಡುವುದಿಲ್ಲ. ಬೆಳೆ ಹೋದರೆ — ಇನ್ನೊಂದು ಹಂಗಾಮು ಕಾಯುವಷ್ಟು ಅನುಕೂಲ ನಿಮ್ಮ ಮನೆಯಲ್ಲಿಲ್ಲ, ಅದೂ ನನಗೆ ಗೊತ್ತಿತ್ತು.

ಎರಡನೆಯ ಪಾಳಿಯ ದಿನ ನೀರು ನನ್ನ ಮಡಿ ತುಂಬಿತು. ನಿನ್ನ ಮಡಿಯ ಬಾಯಿಗೆ ಹಾಕಿದ್ದ ಮಣ್ಣನ್ನು ನಾನು ತೆಗೆಯಲಿಲ್ಲ. ಒಂದು ಸಲಿಕೆ ಮಣ್ಣು, ಅಷ್ಟೇ. ಬದುವಿನ ಮೇಲೆ ಕೂತು ಬುತ್ತಿ ಉಂಡೆ. ಮಿಕ್ಕ ನೀರು ಹಳ್ಳಕ್ಕೆ ಹರಿದು ಹೋಗುವುದನ್ನು ನೋಡಿದೆ. ಅದರ ಮುಂದಿನ ಪಾಳಿಗೂ ಹಾಗೆಯೇ.

ಹೊಲ ರಸ್ತೆಗೆ ಕಾಣುತ್ತಿರಲಿಲ್ಲ, ಜಾಲಿಗಿಡಗಳ ಸಾಲು ಅಡ್ಡ. ದಿನಾ ಸಂಜೆ ನೀನು ಕೇಳುತ್ತಿದ್ದೆ, "ಹ್ಯಾಂಗೈತಿ?" ನಾನು "ಛಲೋ ಐತಿ" ಅನ್ನುತ್ತಿದ್ದೆ. ಕೊನೆಗೊಂದು ದಿನ ನಾನೇ ನಿನ್ನ ಮಡಿಯದೊಂದು ತೆನೆ ಕಿತ್ತು ತಂದು ನಿನ್ನ ಕೈಗಿಟ್ಟೆ. ನೀನು ಅದನ್ನು ಅಂಗೈಯಲ್ಲಿ ತಿಕ್ಕಿ ಊದಿದೆ. ಎಲ್ಲ ಜೊಳ್ಳು, ಹಾರಿ ಹೋಯಿತು. ಅಂಗೈಯಲ್ಲಿ ಏನೂ ಉಳಿಯಲಿಲ್ಲ.

"ನಮ್ಮ ಪಾಳಿಗೆ ನೀರ ಬರಲಿಲ್ಲೋ" ಎಂದೆ ನಾನು.

ನೀನು ನಂಬಿದೆ. ನಮ್ಮೂರವನಾಗಿದ್ದರೆ ಜಗಳಕ್ಕೆ ಬರುತ್ತಿದ್ದ, ಓಡಿಹೋಗಿ ಕಾಲುವೆ ನೋಡುತ್ತಿದ್ದ. ನಿನಗೆ ಹಾಗೆ ಅನ್ನಿಸಲೇ ಇಲ್ಲ. ನಿಮ್ಮ ಕಡೆ ನೀರು ಬರಲಿಲ್ಲ ಎಂದರೆ ಯಾರೂ ಕಾರಣ ಕೇಳುವುದಿಲ್ಲ. "ಬರಲಿಲ್ಲಂದ್ರ ನೀನರ ಏನ್ ಮಾಡ್ತಿ ಬಿಡು" ಎಂದು ನೀನೇ ನನಗೆ ಸಮಾಧಾನ ಹೇಳಿದೆ. ನನ್ನ ಮಡಿ ಹೇಗಿದೆ ಎಂದು ನೀನು ಕೇಳಲಿಲ್ಲ. ಕೇಳಿದ್ದರೆ —

ಆ ವಾರವೇ ನೀನು ಟ್ರಂಕು ಹೊತ್ತು ಕುಕನೂರಿನ ಬಸ್ಸು ಹತ್ತಿದೆ. ಕಾವಲುಗಾರ ಮದುವೆ ಮುಗಿಸಿ ಬಂದ. ಅವನನ್ನು ಯಾರೂ ಏನೂ ಕೇಳಲಿಲ್ಲ. ವಿಚಾರಣೆ ನಡೆಯಲೇ ಇಲ್ಲ. ನಡೆಯದ ಕಾರಣ ಆ ತಾತ್ಕಾಲಿಕ ಆದೇಶವನ್ನೂ ಯಾರೂ ತೆಗೆಯಲಿಲ್ಲ. ಕಾಲೇಜಿನ ಮಟ್ಟಿಗೆ ಬದು ಒಡೆದು ಓಡಿಹೋದವನು ನೀನೇ. ನನ್ನ ಇಳುವರಿ ಚೆನ್ನಾಗಿ ಬಂತು. ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ಹೋದ ತಿಂಗಳು ಕುಕನೂರಿನ ನಿನ್ನ ಗೊಬ್ಬರದ ಅಂಗಡಿಯ ಮುಂದೆ ನೀನೇ ನನ್ನನ್ನು ಗುರುತಿಸಿ ಕೂಗಿದೆ. ಮಗಳನ್ನು ಕರೆದು ಹೇಳಿದೆ: "ಇವರ ನೋಡವಾ ನಮ್ಮ ದೋಸ್ತ. ನನ್ನ ಹೊಲಕ್ಕ ನೀರು ಹಾಯ್ಸಾಕ ಭಾಳ ಬಡಿದಾಡ್ಯಾರ. ನೀರ ಬರಲಿಲ್ಲ, ಪಾಪ." ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಬೇಡ ಅನ್ನಲಿಲ್ಲ. ನಾಚಿಕೆಯಾಯಿತು, ಆದರೂ ಅನ್ನಲಿಲ್ಲ.

ನಾಳೆ ಮೊದಲು ಈಗಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಬದು ಒಡೆದವನು ನಾನೆಂದು ಹೇಳಿ, ನಿನ್ನ ಮೇಲಿನ ಆದೇಶ ತೆಗೆಯಿರಿ ಎಂದು ಕೇಳುತ್ತೇನೆ. ನನ್ನ ಮೇಲೆ ಯಾವ ಕ್ರಮ ಬೇಕೋ ಅದನ್ನು ಅವರು ತೆಗೆದುಕೊಳ್ಳಲಿ. ಆಮೇಲೆ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಮನೆಗೆ ಬರುತ್ತೇನೆ.

ಓದುವ ಕಾಲದಲ್ಲಿ ಒಮ್ಮೆ ಬಂದಿದ್ದೆ. ನಿಮ್ಮವ್ವ ಕಾಲಿಗೆಂದು ಕೊಟ್ಟ ತಂಬಿಗೆ ನೀರನ್ನು ನಾನು ಒಂದೇ ಸಲ ಸುರಿದುಕೊಂಡಿದ್ದೆ; ಆಕೆ ಕುಡಿಯಲು ಇನ್ನೊಂದು ತಂಬಿಗೆ ತಂದಿಟ್ಟಿದ್ದಳು. ನಾಳೆಯೂ ಮೊದಲು ನೀರೇ ತಂದಿಡುತ್ತೀರಿ. ನಾನು ಅದನ್ನು ಮುಟ್ಟುವುದಿಲ್ಲ. ನಿನ್ನ ಮಗಳನ್ನೂ ಕರೆದು ಕೂರಿಸು. ಅವಳ ಎದುರಿಗೇ ಹೇಳುತ್ತೇನೆ — ಯಮನೂರಪ್ಪ, ಆ ಪಾಳಿಗೆ ನೀರು ಬಂದಿತ್ತು.