ಬತೂಲಳ ಕಿಟಕಿ

ಸಲೆ ಪಟ್ಟಣದ ಚಾಪೆಯವರ ಬೀದಿಗೆಲ್ಲ ಒಂದೇ ಒಲೆ. ಅದನ್ನು ನೋಡಿಕೊಳ್ಳುತ್ತಿದ್ದವನು ಅಲ್ಲಾಲ್. ಬೆಳಗಾದರೆ ಮನೆಮನೆಯಿಂದ ನಾದಿ ತಟ್ಟಿದ ಹಸಿ ರೊಟ್ಟಿಗಳು ಹಲಗೆಯ ಮೇಲೆ ಬಟ್ಟೆ ಹೊದ್ದು ಅಲ್ಲಿಗೆ ಬರುತ್ತಿದ್ದವು. ಅರವತ್ತು ಮನೆಯ ರೊಟ್ಟಿ ಒಟ್ಟಿಗೆ ಬೆಂದರೂ ಒಂದೂ ಅದಲುಬದಲಾಗುತ್ತಿರಲಿಲ್ಲ. "ಅಲ್ಲಾಲನ ಕಣ್ಣು ಗಿಡುಗನ ಕಣ್ಣು" ಎಂದು ಬೀದಿಗೆ ಬೀದಿಯೇ ಹೊಗಳುತ್ತಿತ್ತು. ಅವನ ತಾಯಿ ಲಲ್ಲಾ ಝೊಹ್ರಾ ಅದನ್ನು ಕೇಳಿಸಿಕೊಳ್ಳಲೆಂದೇ ಹೊಸ್ತಿಲಲ್ಲಿ ಕೂರುತ್ತಿದ್ದರು.

ಹೆಂಡತಿ ಬತೂಲಳಿಗೆ ಮಾತ್ರ ನಿಜ ಗೊತ್ತಿತ್ತು. ಕಡೆಯ ಆರು ವರ್ಷ ಆ ಕಣ್ಣಿಗೆ ಪೊರೆ ಕವಿದಿತ್ತು. ಮನೆಗೂ ಒಲೆಗೂ ನಡುವಿನ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ. ಅವನು ಬೆಂದ ರೊಟ್ಟಿಯನ್ನು ಅದರ ಮುಂದೆ ಹಿಡಿಯುವನು. ಇವಳು ಒಳಗಿನಿಂದ ಮೆಲ್ಲಗೆ ಮನೆಯ ಹೆಸರು ಹೇಳುವಳು.

ಅಲ್ಲಾಲ್ ತೀರಿಕೊಂಡ. ಬತೂಲ್ ಬಿಳಿ ಬಟ್ಟೆ ಉಟ್ಟು ಮನೆ ಹಿಡಿದಳು; ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡುವಂತಿರಲಿಲ್ಲ. ಒಲೆಯ ಜಾಗದ ಯಜಮಾನ ನಲವತ್ತನೆಯ ದಿನದವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಬೆಂಕಿ ಹೊತ್ತದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಹೇಳಿ ಕಳಿಸಿದ.

"ಕೊಡ್ಲಿ ಬಿಡು. ನನ್ನ ಮಗನ ಕಣ್ಣು ಇನ್ಯಾರಿಗೆ ಬರುತ್ತೆ?" ಎಂದರು ಅತ್ತೆ.

'ನನಗೆ' ಎಂಬ ಮಾತು ಬತೂಲಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆಂದರೆ ಸತ್ತವನ ಹೊಗಳಿಕೆ ಮಣ್ಣುಪಾಲಾಗುತ್ತದಲ್ಲ. ನುಂಗಿಕೊಂಡಳು.

ಮೂವತ್ತಮೂರನೆಯ ದಿನ ಮಹಡಿಗೆ ಬಾಡಿಗೆಗೆ ಬಂದವಳು ಸುಕ್ಕರಾ. ಈಜಿಪ್ಟಿನ ಪೋರ್ಟ್ ಸೈದ್ ಕಡೆಯವಳು, ಹಡಗಿನವನ ಹೆಂಡತಿ. ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. ಬಿಳಿ ಉಟ್ಟು ಕೂತಿದ್ದ ಬತೂಲಳನ್ನು ಕಂಡದ್ದೇ ತಡ, ಸೊಂಟಕ್ಕೆ ಕೈ ಕೊಟ್ಟು ನಾಲಿಗೆ ಕುಣಿಸಿ, ಬೀದಿ ತುದಿಗೆ ಕೇಳುವಂತೆ ಮದುವೆಮನೆಯ "ಲುಲುಲುಲೂ" ಎಬ್ಬಿಸಿದಳು.

"ಬಿಳಿ ಉಟ್ಟಿದ್ದೀಯಲ್ಲ, ಹಜ್ ಯಾತ್ರೆ ಮುಗಿಸ್ಕೊಂಡು ಬಂದ್ಯಾ ಅಕ್ಕಾ? ಅಲ್ಲಿನ ಪವಿತ್ರ ಝಮ್‌ಝಮ್ ನೀರು ಎಲ್ಲಿ? ನನಗೊಂದು ಲೋಟ ಕೊಡು!"

ಲಲ್ಲಾ ಝೊಹ್ರಾ ಜಪಮಣಿ ಎತ್ತಿ ಎಸೆದರು. "ನಿನ್ನ ಬಾಯಿಗೆ ಬೂದಿ ಬೀಳಾ! ಸಾವಿನ ಮನೆ ಕಣೇ ಇದು! ಗಂಡ ಸತ್ತೋಳು ಉಡೋ ಬಟ್ಟೆ!"

"ಅಯ್ಯೋ, ನಮ್ಮಲ್ಲಿ ಕಪ್ಪು ಉಡ್ತಾರಮ್ಮಾ! ನನಗೇನು ಕನಸು ಬಿದ್ದಿತ್ತಾ?"

ಬತೂಲ್ ಸೆರಗಿನಲ್ಲಿ ಮುಖ ಮುಚ್ಚಿದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅತ್ತೆ ಓಡಿ ಬಂದರೆ, ಅವಳು ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

ಅಂದಿನಿಂದ ಸುಕ್ಕರಾಳನ್ನು ಹೊರಗಿಡುವುದು ಆಗದ ಮಾತಾಯಿತು. ಯಜಮಾನನ ಗಡುವು ಮುಗಿಯುತ್ತ ಬಂತೆಂದು ಮೂವತ್ತೊಂಬತ್ತನೆಯ ದಿನ ಬೆಳಗ್ಗೆ ಮೊಳೆಗೆ ತೂಗುಹಾಕಿದ್ದ ಒಲೆಮನೆಯ ಕೀಲಿ ಎತ್ತಿಕೊಂಡು ಹೋಗಿ ಒಲೆ ಹೊತ್ತಿಸಿಯೇ ಬಿಟ್ಟಳು! "ರೊಟ್ಟಿ ತನ್ನಿರೋ" ಎಂದು ಬೀದಿಯಲ್ಲೆಲ್ಲ ಕೂಗಿದಳು. ಹಲಗೆಗಳು ಸಾಲುಗಟ್ಟಿ ಬಂದವು. ಸುಕ್ಕರಾ ಎಲ್ಲವನ್ನೂ ಒಲೆಗೆ ತಳ್ಳಿದಳು, ಚೆನ್ನಾಗಿಯೇ ಬೇಯಿಸಿದಳು. ತೆಗೆದು ರಾಶಿ ಹಾಕಿದ ಮೇಲೆ ತಲೆ ಕೆರೆದುಕೊಂಡಳು. ಎಲ್ಲವೂ ದುಂಡಗೆ, ಎಲ್ಲವೂ ಕೆಂಪಗೆ.

"ನನ್ನ ಜವೆಗೋಧಿ ರೊಟ್ಟಿ ಎಲ್ಲೇ?"

"ಇದು ನಮ್ಮದಲ್ಲ, ಇದನ್ನ ಯಾವ ಸೋಮಾರಿ ನಾದಿದ್ದೋ!"

"ಸೋಮಾರಿ ಯಾರೇ? ಅದು ನನ್ನದು!"

ಒಲೆಯ ಮುಂದೆ ಸಂತೆ ಸೇರಿತು. "ಅಲ್ಲಾಲ್ ಇದ್ದಿದ್ರೆ ಹೀಗಾಗ್ತಿತ್ತಾ? ನಾಳೆ ಬೇರೆಯವನು ಬರ್ಲಿ" ಎಂದು ಯಾರೋ ಅಂದರು.

ಆ ಮಾತು ಬತೂಲಳಿಗೆ ಚುರುಕ್ಕೆಂದಿತು. ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದಳು.

"ಸುಕ್ಕರಾ, ಒಂದೊಂದಾಗಿ ಇಲ್ಲಿ ಹಿಡಿ. ನಡುವೆ ಹೆಬ್ಬೆರಳು ಒತ್ತಿದ್ದು, ಮೂಲೆಮನೆ ಸೂಲಗಿತ್ತಿಯದು. ಫೋರ್ಕಿನಿಂದ ಐದು ಸಲ ಚುಚ್ಚಿದ್ದು ಮೇಷ್ಟರ ಮನೆಯದು. ಅಂಚು ದಪ್ಪ ಇರೋದು ಹೊಸ ಸೊಸೆಯದು, ಪಾಪ, ಇನ್ನೂ ಕೈ ತಿರುಗಿಲ್ಲ."

ಅರವತ್ತು ಮನೆಯ ರೊಟ್ಟಿಯೂ ಮನೆ ಸೇರಿತು. ಬೀದಿ ತಣ್ಣಗಾಯಿತು. ಬತೂಲ್ ಹಿಂದಿರುಗಿ ನೋಡಿದರೆ ಅತ್ತೆ ನಿಂತಿದ್ದರು.

"ಹಾಗಾದ್ರೆ ನನ್ನ ಮಗನಿಗೆ ಕಣ್ಣು ಕಾಣ್ತಿರ್ಲಿಲ್ವೇನೇ?"

"ಕಾಣ್ತಿತ್ತು ಅತ್ತೆ. ಅವರಿಗೆ ನಾಲ್ಕು ಕಣ್ಣಿದ್ವು."

ಮುದುಕಿ ಒಳಗೆ ಹೋದರು. ತಮ್ಮ ದಿಂಬನ್ನು ತಂದು ಕಿಟಕಿಯ ಕೆಳಗಿಟ್ಟರು. "ನಿಂತು ನಿಂತು ಕಾಲು ಊದುತ್ತೆ. ಕೂತ್ಕೋ."

ಮರುದಿನ ಯಜಮಾನ ಬಂದಾಗ ಒಲೆ ಧಗಧಗ ಉರಿಯುತ್ತಿತ್ತು. ಹೊರಗೆ ಸುಕ್ಕರಾಳ ಗಂಟಲು, ಒಳಗೆ ಬತೂಲಳ ಕಣ್ಣು. ಅವನು ಬೇರೆಯವರಿಗೆ ಕೊಡುವ ಮಾತೆತ್ತದೆ ತನ್ನ ಮನೆಯ ಬಿಸಿ ರೊಟ್ಟಿ ಹಿಡಿದುಕೊಂಡು ಹಿಂತಿರುಗಿದ. ಬತೂಲ್ ಮಡಿಲು ಕೊಡವಿಕೊಂಡಳು. ಬಿಳಿ ಬಟ್ಟೆಯ ಮೇಲೆ ಹಿಟ್ಟು ಕಾಣುತ್ತಲೇ ಇರಲಿಲ್ಲ.