ಏರಿನಲ್ಲಿ ಕೇಳುತ್ತಿದ್ದ ಉಸಿರು

ಮೊನ್ನೆ ಅಮಾವಾಸ್ಯೆ. ಸೊರಬದಲ್ಲಿ ಶುಂಠಿ ಲೋಡು ಇಳಿಸಿ ಚಹಾ ಕುಡಿಯುತ್ತ ನಿಂತಿದ್ದೆ. ಪಕ್ಕದ ಅಂಗಡಿಯವರು ಲೋಬಾನ ಹಾಕಿದರು. ಹೊಗೆ ಹೊರಗೆ ಬಂದದ್ದೇ ಎಲ್ಲರೂ ಕೈ ಮುಗಿದರು, ನಾನು ಮಾತ್ರ ಅದು ಯಾವ ಸಂದಿಯಿಂದ ಸೋರುತ್ತಿದೆ ಎಂದು ಹುಡುಕತೊಡಗಿದೆ. ಈ ಚಾಳಿ ನನಗೆ ಅಂಟಿದ್ದು ಶಿಕಾರಿಪುರದ ಮೇಸ್ತ್ರಿಯಿಂದ. ಊರ ಹೊರಗೆ ಸೊರಬ ರಸ್ತೆಯಲ್ಲಿ ಅವರ ಗ್ಯಾರೇಜಿತ್ತು. ಗ್ಯಾರೇಜು ಅಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಅಷ್ಟೇ.

ಸಿಡುಕು ಮನುಷ್ಯ. ಗಾಡಿ ತಂದವರು ಕಾಯಿಲೆ ಇಂಥದ್ದೇ ಅಂತ ತಾವೇ ಹೇಳಿಬಿಟ್ಟರೆ ಸ್ಪ್ಯಾನರ್ ಕೆಳಗಿಟ್ಟು, "ಹಂಗಾರೆ ನೀವೇ ರಿಪೇರಿ ಮಾಡ್ಕಳ್ರೀ" ಅನ್ನುತ್ತಿದ್ದರು.

ನಮ್ಮ ಪಿಕಪ್ ಮೊದಲು ಅಣ್ಣನದು. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಬಂದಳಿಕೆ ಕಡೆಯಿಂದ ಮೆಕ್ಕೆಜೋಳ ಹೇರಿಕೊಂಡು ಬರುವಾಗ ಒಂದು ಏರಿನಲ್ಲಿ ಉಸಿರು ಕಟ್ಟಿತು. ಗಾಡಿಯನ್ನು ನೀಟಾಗಿ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದ. ಹಿಂದಿನಿಂದ ಒಂದು ಚೀಲವೂ ಬಿದ್ದಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ. ಲೋಡಿನ ಚಿಂತೆ ಮಾಡುವ ಬದಲು ಹಾರ್ನ್ ಆದರೂ ಒತ್ತಬಾರದಿತ್ತೇ…

ಆಮೇಲೆ ಗಾಡಿ ನನ್ನ ಕೈಗೆ ಬಂತು. ಬಯಲಲ್ಲಿ ಸರಿಯಾಗಿಯೇ ಓಡುತ್ತಿತ್ತು. ಲೋಡ್ ಇದ್ದು ಏರು ಸಿಕ್ಕಿದರೆ ಮಾತ್ರ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಸಿಳ್ಳೆ ನಿಂತುಹೋಗುತ್ತಿತ್ತು, ಹಿಂದೆ ಕಪ್ಪು ಹೊಗೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆತವೇ ಇಲ್ಲ. ಕಾಲು ಒತ್ತಿದಾಗಲೆಲ್ಲ ಬಾನೆಟ್ಟಿನೊಳಗಿಂದ ಒಂದು ಸದ್ದು… ಸುಂಯ್ ಎಂದು ಎಳೆದೆಳೆದು ಬಿಡುವ ಸದ್ದು. ಮೊದಲ ಸಲ ಕೇಳಿದಾಗ ಗಾಡಿ ನಿಲ್ಲಿಸಿ ಪಕ್ಕದ ಸೀಟು ನೋಡಿದೆ. ಅಣ್ಣನ ಪಕ್ಕದಲ್ಲಿ ಮಲಗಿ ಬೆಳೆದವನು ನಾನು, ಆ ಸದ್ದು ನನಗೆ ಗೊತ್ತಿತ್ತು.

ಅವ್ವನಿಗೆ ಹೇಳಲಿಲ್ಲ. ಒಮ್ಮೆ ತಾಳಗುಂದದ ನೆಂಟರ ಮನೆಗೆಂದು ಅವಳೂ ಗಾಡಿ ಹತ್ತಿದಳು. ಏರಿನಲ್ಲಿ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು.

"ಆ ಹಾಡು ಬಂದ್ ಮಾಡೋ. ಅವ್ನೇ. ಉಸ್ರು ಎಳೀತಿದಾನೆ, ಕೇಳು."

ಅಂದಿನಿಂದ ಪ್ರತಿ ಬಾಡಿಗೆಗೂ ಅವ್ವ ಜೊತೆಗೆ. ಮನೆಯಲ್ಲಿ ಅನ್ನ ಮುಟ್ಟದವಳು ಗಾಡಿಯಲ್ಲಿ ಬುತ್ತಿ ಬಿಚ್ಚಿ, ಮೊದಲ ತುತ್ತನ್ನು ಡ್ಯಾಶ್‌ಬೋರ್ಡಿನ ಮೇಲಿಡುತ್ತಿದ್ದಳು. ಏರು ಬಂದರೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅಣ್ಣ ಹೋಗಿದ್ದಾಯಿತು, ಇನ್ನು ಅವ್ವನೂ ಈ ಕ್ಯಾಬಿನ್ನಿನೊಳಗೇ ಉಳಿದುಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

ಕಂಡಕಂಡವರಿಗೆ ಗಾಡಿ ತೋರಿಸಿದೆ. ಒಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು, ಇನ್ನೊಬ್ಬರು ಟರ್ಬೋನೇ ಹೋಗಿದೆ ಅಂದರು. ಕೊನೆಗೆ ಈ ಮೇಸ್ತ್ರಿ. ಅಣ್ಣ ತೀರಿಕೊಂಡ ಏರು, ಆ ಸದ್ದು, ಅವ್ವನ ಮಾತು ಎಲ್ಲ ಅವರಿಗೆ ಹೇಳಿದೆ. ಅವರು ಬಾನೆಟ್ ಎತ್ತಲೇ ಇಲ್ಲ. "ಲೋಡ್ ಹಾಕ್ಕೊಂಡು ಬರ್ರೀ, ಅದೇ ಏರಿಗೆ ಹೋಗಾಣ" ಅಂದರು. ಅವ್ವ ಇಳಿಯಲು ಒಪ್ಪದ ಕಾರಣ ಮೂವರೂ ಹೋದೆವು. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸದ್ದು ಶುರುವಾಯಿತು. ಮೇಸ್ತ್ರಿ ಎಂಜಿನ್ ಕಡೆ ಕಿವಿಯಿಟ್ಟವರು ಅವ್ವನ ಮುಖ ನೋಡುತ್ತಿದ್ದರು. ಅವಳು ಸದ್ದಿಗೆ ಸರಿಯಾಗಿ ತಾನೂ ಉಸಿರು ಎಳೆದು ಬಿಡುತ್ತಿದ್ದಳು. ಮೇಸ್ತ್ರಿಯ ತೋಳಿನ ಮೇಲೆ ರೋಮ ನಿಮಿರಿದ್ದನ್ನು ನಾನು ಕಣ್ಣಾರೆ ಕಂಡೆ.

ಗ್ಯಾರೇಜಿಗೆ ಬಂದು ಒಂದು ಡಬ್ಬಿಗೆ ಕೆಂಡ ಹಾಕಿ ಲೋಬಾನ ಉದುರಿಸಿದರು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಒಂದು ತುದಿ ಮುಚ್ಚಿ, ಇನ್ನೊಂದರೊಳಗೆ ಕಾಲಲ್ಲಿ ಒತ್ತುವ ಪಂಪಿನಿಂದ ಆ ಹೊಗೆ ತುಂಬಿದರು. ಬಹಳ ಹೊತ್ತು ಏನೂ ಇಲ್ಲ… ಆಮೇಲೆ ಕೆಳಗಿನ ಕತ್ತಲಿನಿಂದ ಬೆರಳಿನಷ್ಟು ದಪ್ಪದ ಹೊಗೆ ಎದ್ದಿತು, ಅದೇ ಸುಂಯ್ ಸದ್ದಿನೊಂದಿಗೆ. ಎಂಜಿನ್ ಬಂದ್ ಆಗಿತ್ತು. ಕ್ಯಾಬಿನ್ನಿನಲ್ಲಿ ಕೂತಿದ್ದ ಅವ್ವ ಅಣ್ಣನ ಹೆಸರು ಹಿಡಿದು ಕರೆದಳು.

ಪೈಪಿನ ಅಡಿಯಲ್ಲಿ ಕರಿ ಕಂಬಳಿಯ ದಾರ, ಅದರಲ್ಲಿ ತಾಮ್ರದ ತಾಯತ. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟಲು ಅವ್ವನೇ ಕೊಟ್ಟಿದ್ದು. ಎದುರಿಗೆ ಕಟ್ಟಿದರೆ ಗೆಳೆಯರು ನಗುತ್ತಾರೆಂದು ಅಣ್ಣ ಯಾರಿಗೂ ಕಾಣದ ಜಾಗದಲ್ಲಿ ಕಟ್ಟಿದ್ದ. ಎಂಜಿನ್ ನಡುಗಿದಾಗಲೆಲ್ಲ ತಾಯತದ ಅಂಚು ರಬ್ಬರನ್ನು ಉಜ್ಜಿ ಉಜ್ಜಿ ಸೀಳಿತ್ತು. ಏರಿನಲ್ಲಿ ಗಾಳಿಯ ಒತ್ತಡ ಹೆಚ್ಚಾದಾಗ ಮಾತ್ರ ಆ ಸೀಳು ಬಾಯಿ ಬಿಡುತ್ತಿತ್ತು. ಮೇಸ್ತ್ರಿ ತಾಯತವನ್ನು ಕತ್ತರಿಸಿ, ಅಂಗೈಯಲ್ಲಿ ಮುಚ್ಚಿ ತಂದು ನನ್ನ ಜೇಬಿಗೆ ಹಾಕಿದರು. "ರಬ್ಬರ್ ಹಳೇದಾಗಿತ್ತವ್ವಾ" ಅಂದರು. ಅವ್ವನಿಗೆ ಇವತ್ತಿಗೂ ಅಷ್ಟೇ ಗೊತ್ತು.

ಹೊಸ ಪೈಪು ತರಿಸಿ, ಕೈಯಲ್ಲಿ ಹಿಡಿದುಕೊಂಡು ಅವ್ವನ ಬದಿಯ ಬಾಗಿಲಿಗೆ ಬಂದು ನಿಂತರು.

"ಹಾಕ್ಲಾ ಅವ್ವಾ?"

"ಹಾಕಿದ್ರೆ… ಆ ಉಸ್ರು?"

"ನಿಂತು ಹೋಗ್ತೈತಿ."

ಆ ಸಿಡುಕು ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ದಿನಾ ಅದೇ ಏರು ಹತ್ತಿಸ್ತಿದೀವಿ ಅವನ್ನ. ಅವ್ನಿಗೂ ಸಾಕಾಗಿರ್ತೈತವ್ವಾ."

ಅವ್ವ ಡ್ಯಾಶ್‌ಬೋರ್ಡಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಬುತ್ತಿಯ ಡಬ್ಬಿ ಎತ್ತಿಕೊಂಡು ಇಳಿದಳು. ನಾನು ಬೇವಿನ ಮರದ ಹಿಂದೆ ಹೋಗಿ ಅತ್ತೆ.

ಪೈಪು ಬದಲಾದ ಮೇಲೆ ಗಾಡಿ ಸಿಳ್ಳೆ ಹೊಡೆಯುತ್ತ ಏರು ಹತ್ತಿತು. ಅವ್ವ ಮನೆಯಲ್ಲಿ ಉಣ್ಣತೊಡಗಿದಳು, ಮತ್ತೆಂದೂ ಆ ಗಾಡಿಯಲ್ಲಿ ಕೂರಲಿಲ್ಲ. ನನಗೇ ಆ ಏರಿನಲ್ಲಿ ಒಬ್ಬಂಟಿ ಅನ್ನಿಸುತ್ತಿತ್ತು. ಮೇಸ್ತ್ರಿಯ ಮುಂದೆ ಅದನ್ನು ಹೇಳಬೇಕೆಂದುಕೊಂಡಿದ್ದೆ… ಹೇಳಲಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರೂ ತೀರಿಕೊಂಡರು. ತಗಡು ಕಿತ್ತು ಆ ಜಾಗದಲ್ಲಿ ಈಗ ಕಬ್ಬಿನ ಹಾಲು ಮಾರುತ್ತಾರೆ. ನಾನು ಸುದ್ದಿ ತಂದ ಸಂಜೆ ಅವ್ವ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಲೇ ಇದ್ದಳು. ಒಂದರ ಹಿಂದೆ ಒಂದು ಲೋಡಿನ ಗಾಡಿಗಳು ಹೋಗುತ್ತಿದ್ದವು.

"ಪಾಪ, ಎಷ್ಟು ಗಾಡಿ ಮುಟ್ಟಿದ ಕೈ ಅದು" ಅಂದಳು. "ಈಗ ಯಾವುದ್ರಾಗೆ ಕೂತಿದಾರೋ…"

ನನಗೆ ನಗು ಬರಲಿಲ್ಲ. ಈಗಲೂ ಎದುರಿಗೆ ಯಾವುದಾದರೂ ಗಾಡಿ ಏದುತ್ತ ಏರು ಹತ್ತುತ್ತಿದ್ದರೆ ಗಾಜು ಇಳಿಸಿ ಕಿವಿಗೊಡುತ್ತೇನೆ. ಎಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಗಾಜು ಏರಿಸಲು ಮಾತ್ರ ಮನಸ್ಸು ಬರುವುದಿಲ್ಲ.