ಸಮುದ್ರ ನೋಡಲು ನಾಲ್ಕು ದಿನ

ಮಾರೇನಹಳ್ಳಿಯ ಕನ್ನಡಕದ ಅಂಗಡಿಗೆ ಸೇರಿದ ದಿನವೇ ಅಮೂಲ್ಯಾ ರಜೆಯ ವಿಷಯ ಕೇಳಿದ್ದಳು. ಡಿಗ್ರಿ ಮುಗಿಸಿ ಹಿಡಿದ ಮೊದಲ ಕೆಲಸ ಅದು. ಮಾಲೀಕ ವೆಂಕಟಗಿರಿ ನಕ್ಕು, "ನೀನು ನಮ್ಮನೆ ಮಗಳಿದ್ದ ಹಾಗಮ್ಮ. ಬೇಕಾದಾಗ ಬಾಯ್ಬಿಟ್ಟು ಕೇಳು, ಅಷ್ಟೇ" ಅಂದಿದ್ದರು.

ಹಬ್ಬದ ದಿನವೂ ಕೌಂಟರ್ ಬಿಡದೆ ಒಂದು ವರ್ಷ ಕಳೆದ ಮೇಲೆ ಅವಳು ಬಾಯಿಬಿಟ್ಟು ಕೇಳಿದಳು. ಅವಳನ್ನು ಸಾಕಿದ ಅಜ್ಜಿ ಯಶೋದಮ್ಮ ಧರ್ಮಸ್ಥಳದವರೆಗೆ ಹೋಗಿದ್ದರೂ ಸಮುದ್ರ ಕಂಡವರಲ್ಲ. ಅವರನ್ನು ಮಲ್ಪೆಗೆ ಕರೆದೊಯ್ಯಲು ನಾಲ್ಕು ದಿನ ಬೇಕಿತ್ತು.

"ಅಲ್ಲಿ ಯಾರ್ದಾದ್ರೂ ಮದುವೇನಾ?"

"ಇಲ್ಲ ಸಾರ್."

"ಹರಕೆ ಗಿರಕೆ?"

"ಇಲ್ಲ ಸಾರ್. ಸಮುದ್ರ ನೋಡೋಕೆ."

ವೆಂಕಟಗಿರಿ ಒರೆಸುತ್ತಿದ್ದ ಫ್ರೇಮನ್ನು ಕೆಳಗಿಟ್ಟರು. "ಸುಮ್ನೆ ಸುತ್ತಾಡೋಕೆ ಯಾರಮ್ಮ ರಜೆ ಕೊಡ್ತಾರೆ?"

ಊಟದ ಹೊತ್ತಿಗೆ, ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳಾದ ಪಂಕಜಾ ಬುದ್ಧಿ ಹೇಳಿದಳು. "ನಿಜ ಹೇಳಿದ್ರೆ ಇಲ್ಲಿ ರಜೆ ಸಿಗಲ್ಲ ಕಣೇ. ನಾನು ನಮ್ಮತ್ತೇನ ಎರಡು ಸಲ ಸಾಯಿಸಿದೀನಿ. ಅಜ್ಜಿಗೆ ಸೀರಿಯಸ್ಸು ಅನ್ನು."

"ಅವರಿಗೆ ಗೊತ್ತಾಗ್ಲಿಲ್ವಾ ಅಕ್ಕ?"

"ಗೊತ್ತಾಗ್ದೆ ಏನು? ಎರಡನೇ ಸಲ ನನ್ನ ಮುಖ ನೋಡಿ ನಕ್ರು."

ಅಮೂಲ್ಯಾ ಊಟದ ಡಬ್ಬಿ ಮುಚ್ಚಿದಳು. ವರ್ಷವಿಡೀ ದುಡಿದವಳು ನಾಲ್ಕು ದಿನದ ರಜೆಗೆ ಮನೆಯವರ ಹೆಣ ತೋರಿಸಬೇಕೇ? ಸುಳ್ಳೆಂದು ಗೊತ್ತಿದ್ದೂ ನಕ್ಕು ಒಪ್ಪುವ ಮನುಷ್ಯನಿಗೆ ನಿಜ ಯಾಕೆ ಇಷ್ಟು ಚುಚ್ಚುತ್ತದೆ?

ಸಂಜೆ ಮತ್ತೆ ಕೇಳಿದಳು. ಗಿರಾಕಿಯೊಬ್ಬರು ಎದುರಿಗಿದ್ದರು. ವೆಂಕಟಗಿರಿ ದನಿ ತಗ್ಗಿಸಿದರು. "ಅಜ್ಜಿಗೆ ಹುಷಾರಿಲ್ಲ ಅಂದ್ಬಿಡು. ಇಲ್ದಿದ್ರೆ ನಾಳೆಯಿಂದ ಎಲ್ಲಾರೂ ಕೇಳ್ತಾರೆ."

"ಅಜ್ಜಿ ಗಟ್ಟಿಮುಟ್ಟಾಗಿದಾರೆ ಸಾರ್. ಮರಳಲ್ಲಿ ನಡೆಯೋಕೆ ಕಾಲು ಗಟ್ಟಿ ಇರ್ಬೇಕಲ್ವಾ? ಹಾಸಿಗೆ ಹಿಡಿದ್ಮೇಲೆ ಕರ್ಕೊಂಡು ಹೋಗ್ಲಾ?" ಅವಳ ದನಿ ಏರಿತು. "ಎಲ್ಲಾರೂ ಕೇಳ್ಲಿ ಬಿಡಿ. ಕೇಳ್ಬಾರ್ದಾ?"

ಗಿರಾಕಿ ಕನ್ನಡಿಯಿಂದ ತಿರುಗಿ ನೋಡಿದರು.

"ಎರಡು ದಿನ ತಗೋ," ಎಂದರು ವೆಂಕಟಗಿರಿ. "ಸಂಬಳ ಹಿಡೀತೀನಿ."

"ಸಂಬಳ ಹಿಡಿಯೋದಾದ್ರೆ ನಾಲ್ಕೂ ದಿನ ಹಿಡೀರಿ ಸಾರ್. ಎರಡೇ ಯಾಕೆ?"

ಗಿರಾಕಿ ನಕ್ಕುಬಿಟ್ಟರು. ವೆಂಕಟಗಿರಿ ಮುಖ ಕೆಂಪಗೆ ಮಾಡಿಕೊಂಡು, ಆಗಲಿ ಎಂದು ಕೈ ಬೀಸಿದರು.

ಮಲ್ಪೆಯಲ್ಲಿ ಯಶೋದಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಅಲೆಗಳನ್ನು ಬೈಯುತ್ತಾ ನಿಂತರು. ಕರೆದರೂ ದಡಕ್ಕೆ ಬರಲಿಲ್ಲ.

ಮರಳಿ ಬಂದಾಗ ಕೌಂಟರಿನಲ್ಲಿ ಬೇರೊಬ್ಬ ಹುಡುಗಿ ಕೂತಿದ್ದಳು. "ನೀನಿನ್ನು ಕೆಂಗೇರಿ ಬ್ರಾಂಚ್‌ಗೆ ಹೋಗಮ್ಮ," ಎಂದರು ವೆಂಕಟಗಿರಿ, ತಲೆ ಎತ್ತದೆ. ಮನೆಯಿಂದ ನಡೆದು ಬರುತ್ತಿದ್ದವಳು ಈಗ ಮೆಟ್ರೋದಲ್ಲಿ ನಿಂತು ಹೋಗಬೇಕಾಯಿತು.

ಒಂದು ವಾರದ ಮೇಲೆ ಪಂಕಜಾ ಫೋನ್ ಮಾಡಿದಳು. "ನಿನ್ನಿಂದ ನಮಗೆಲ್ಲಾ ಕಷ್ಟ ಕಣೇ. ಈಗ ಜ್ವರ ಅಂದ್ರೂ ಡಾಕ್ಟರ್ ಚೀಟಿ ಕೇಳ್ತಾರೆ."

"ಕೇಳ್ತಿರೋದು ಅವರು ಅಕ್ಕ," ಎಂದಳು ಅಮೂಲ್ಯಾ. "ಸಿಟ್ಟು ಮಾತ್ರ ನನ್ಮೇಲೆ ಯಾಕೆ?"

ಪಂಕಜಾ ಫೋನ್ ಇಡಲಿಲ್ಲ. "ಮಲ್ಪೆಗೆ ಬಸ್ಸಿಗೆ ಎಷ್ಟಾಯ್ತೇ?" ಎಂದು ಕೇಳಿದಳು.